ಸಿಲ್ಲಿ ಲಲ್ಲಿ ಇಲ್ಲದ ಒಂಬತ್ತು ಗಂಟೆಗೆ ಏನು ಹಾಕುವುದು? ನಾವು ನೋಡಿದ ನಾಲ್ಕು ದಾರಿ

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಮನೆಯಲ್ಲಿ ಗೆದ್ದಿದ್ದು ಯೂಟ್ಯೂಬ್‌ನಲ್ಲಿ ಸಿಗುವ ಹಳೇ ಹಾಸ್ಯ ಧಾರಾವಾಹಿ ‘ಸಿಲ್ಲಿ ಲಲ್ಲಿ’ಯ ಎಪಿಸೋಡುಗಳು. ದಿನಕ್ಕೆ ಒಂದೇ, ಅದೂ ರಾತ್ರಿ ಊಟ ಆದ ಮೇಲೆ. ಉಳಿದ ಮೂರನ್ನೂ ಮನಸ್ಸಿಟ್ಟೇ ನೋಡಿದೆವು, ಒಂದಕ್ಕೆ ದುಡ್ಡನ್ನೂ ಕಟ್ಟಿದೆವು.

ಕಳೆದ ದೀಪಾವಳಿ ಆದ ಮೇಲೆ ಅಮ್ಮನಿಗೆ ಬಲಗಾಲಿನ ಮಂಡಿ ಆಪರೇಷನ್ ಆಯಿತು. ಮೂರು ತಿಂಗಳು ಬೆಂಗಳೂರಿನ ಹನುಮಂತನಗರದ ನಮ್ಮ ಮನೆಯಲ್ಲೇ ಇದ್ದರು. ವಾಕರ್ ಹಿಡಿದು ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ, ಅಷ್ಟೇ ಓಡಾಟ. ನಾಲ್ಕನೇ ದಿನ ರಾತ್ರಿ ಕೇಳಿದರು, “ಈಗ ನಮ್ಮ ವಿಠ್ಠಲ್ ರಾವ್ ಬರಲ್ವೇನೇ?”

ಈಟಿವಿ ಕನ್ನಡದ ಕಾಲದಲ್ಲಿ ತಿಪಟೂರಿನ ಮನೆಯಲ್ಲಿ ಆ ಸೀರಿಯಲ್ ಹೊತ್ತಿಗೆ ಯಾರೂ ಫೋನ್ ಎತ್ತುತ್ತಿರಲಿಲ್ಲ. ಅಜ್ಜಿ, ಅತ್ತೆ, ಹಿಂದಿನ ಮನೆಯ ಬಾಡಿಗೆಯವರ ಇಬ್ಬರು ಮಕ್ಕಳು, ಎಲ್ಲರೂ ಒಂದೇ ಚಾಪೆ ಮೇಲೆ. ರವಿಶಂಕರ್ ಗೌಡರ ಡಾಕ್ಟರ್ ವಿಠ್ಠಲ್ ರಾವ್ ಎದೆ ಉಬ್ಬಿಸಿ ತಮ್ಮನ್ನು ತಾವೇ ಪರಿಚಯ ಮಾಡಿಕೊಳ್ಳಲು ಬಾಯಿ ತೆರೆದರೆ ಸಾಕು, ಆ ಮಕ್ಕಳು ಮುಂದಿನ ಮಾತನ್ನು ತಾವೇ ಹೇಳಿ ಮುಗಿಸುತ್ತಿದ್ದವು. ಮಂಜುಭಾಷಿಣಿಯವರ ಲಲಿತಾಂಬ ಸಮಾಜಸೇವೆಗೆ ಹೊರಟರೆ ಅಜ್ಜಿ “ಬಂದಳು ನೋಡು” ಎಂದು ಸೆರಗು ಸರಿಮಾಡಿಕೊಂಡು ಕೂರುತ್ತಿದ್ದರು. ಸೀರಿಯಲ್ ಮುಗಿದ ಮೇಲೆ ಆ ಹೊತ್ತಿಗೆ ಏನು ಮಾಡಬೇಕೆಂದೇ ಯಾರಿಗೂ ತೋಚಲಿಲ್ಲ. ಚಾಪೆ ಮಾತ್ರ ಒಂದಷ್ಟು ದಿನ ಹಾಗೇ ಹಾಸಿಯೇ ಇತ್ತು.

ಹಾಗಾಗಿ ಅಮ್ಮನ ಪ್ರಶ್ನೆ ನನಗೆ ಬರೀ ಸೀರಿಯಲ್‌ನ ಪ್ರಶ್ನೆ ಅನ್ನಿಸಲಿಲ್ಲ.

ಮೊದಲು ನೆನಪಾಗಿದ್ದು ಹಳೇ ಹಾಸ್ಯ ಧಾರಾವಾಹಿಗಳ ಹೊಸ ಅವತಾರಗಳು. ಕಲರ್ಸ್ ಸೂಪರ್‌ನಲ್ಲಿ 2018ರಲ್ಲಿ ‘ಪಾಪ ಪಾಂಡು’, ಮರುವರ್ಷ ‘ಸಿಲ್ಲಿ ಲಲ್ಲಿ’ ಮತ್ತೆ ಶುರುವಾಗಿದ್ದವಲ್ಲ, ಅವು. ‘ಪಾಪ ಪಾಂಡು’ ಅಮ್ಮನಿಗೆ ಹಿಡಿಸಿತು. ಕಾರಣ ಸರಳ: ಪಾಂಡು ಆಗಿ ಹಳೇ ಚಿದಾನಂದ್, ಹೆಂಡತಿ ಪಾಚಾಲಿಯಾಗಿ ಹಳೇ ಶಾಲಿನಿ. ಪಾಚಾಲಿಯ ಗದರಿಕೆಗೆ ಪಾಂಡು ಕುಗ್ಗಿ ನಿಲ್ಲುವ ರೀತಿ ಒಂದಿಷ್ಟೂ ಬದಲಾಗಿರಲಿಲ್ಲ. ಹೊಸ ‘ಸಿಲ್ಲಿ ಲಲ್ಲಿ’ಯನ್ನು ಎರಡು ದಿನ ನೋಡಿ ಮೂರನೇ ದಿನ ಬೇಡ ಅಂದರು. ನಟನೆ ಚೆನ್ನಾಗಿಲ್ಲ ಅಂತಲ್ಲ. “ಮನೆ ಅದೇ, ಮನುಷ್ಯರು ಬೇರೆ. ನೆಂಟರ ಮನೆಗೆ ಹೋದಾಗ ಬೇರೆ ಯಾರೋ ಬಾಗಿಲು ತೆಗೆದ ಹಾಗೆ” ಅಂದರು. ನಾನೂ ಮುಂದುವರಿಸಲಿಲ್ಲ.

ಎರಡನೆಯದಕ್ಕೆ ನಾನು ದುಡ್ಡು ಕಟ್ಟಿದ್ದು. ಒಂದು ಒಟಿಟಿಯಲ್ಲಿ ವರ್ಷಕ್ಕೆ ಐನೂರು ರೂಪಾಯಿ ಚಿಲ್ಲರೆ. ‘ಸಾರಾಭಾಯಿ ವರ್ಸಸ್ ಸಾರಾಭಾಯಿ’ ನೋಡೋಣ ಅಂತ. 2004ರಿಂದ 2006ರವರೆಗೆ ಸ್ಟಾರ್ ಒನ್‌ನಲ್ಲಿ ಬಂದ ಈ ಧಾರಾವಾಹಿಯನ್ನು ನಾನು ಹಾಸ್ಟೆಲ್‌ನಲ್ಲಿ ನೋಡಿದ್ದೆ. ರತ್ನಾ ಪಾಠಕ್ ಶಾ ಅವರ ಮಾಯಾ ಅತ್ತೆ ಸೊಸೆ ಮೊನಿಷಾಳನ್ನು ‘ಮಿಡ್ಲ್ ಕ್ಲಾಸ್’ ಎಂದು ನಯವಾಗಿ ತಿವಿಯುವುದು, ಸತೀಶ್ ಶಾ ಅವರ ಇಂದ್ರವದನ್ ಮಗ ರೋಸೇಶ್‌ನ ಕವಿತೆಯನ್ನು ಗೇಲಿ ಮಾಡುವುದು, ಇವತ್ತಿಗೂ ನನಗೆ ಅದಕ್ಕೆ ಸಾಟಿ ಇಲ್ಲ. ಆದರೆ ತೊಂದರೆ ಶುರುವಾಗಿದ್ದು ಟಿವಿಗೆ ಹಾಕಲು ಹೋದಾಗ.

ನಾನು ತೆಗೆದುಕೊಂಡದ್ದು ಮೊಬೈಲ್‌ಗೆ ಮಾತ್ರ ಇರುವ ಪ್ಲಾನ್. ಟಿವಿಯಲ್ಲಿ ಆ್ಯಪ್ ತೆರೆದು ನಂಬರ್, ಒಟಿಪಿ ಎಲ್ಲ ಹಾಕಿದರೆ ‘ಈ ಪ್ಲಾನ್‌ನಲ್ಲಿ ಟಿವಿಗೆ ಅವಕಾಶವಿಲ್ಲ’ ಎಂದು ಬಂತು. ಸರಿ, ಫೋನಿನ ಪರದೆಯನ್ನೇ ಟಿವಿಗೆ ಕಳಿಸೋಣ ಎಂದು ಮಿರರಿಂಗ್ ಹಾಕಿದೆ. ಫೋನಿನ ವಾಲ್‌ಪೇಪರ್ ಬಂತು, ಆ್ಯಪ್‌ನ ಮೊದಲ ಪುಟ ಬಂತು. ಎಪಿಸೋಡ್ ಒತ್ತಿದ ಕೂಡಲೇ ಟಿವಿ ಕಪ್ಪು. ಧ್ವನಿ ಮಾತ್ರ ಕೇಳುತ್ತಿದೆ. ಕೇಬಲ್ ಬದಲಾಯಿಸಿದೆ, ಟಿವಿ ಆರಿಸಿ ಹಾಕಿದೆ, ಆ್ಯಪ್ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿದೆ. ಗಂಡ ಆಫೀಸಿನಿಂದ ಬಂದವರು ವಿಷಯ ಹೇಳಿದರು: ನಕಲು ಮಾಡಬಾರದು ಎಂದು ಇಂಥ ಆ್ಯಪ್‌ಗಳೇ ಚಿತ್ರವನ್ನು ತಡೆಯುತ್ತವೆ, ನಮ್ಮ ಟಿವಿಯಲ್ಲಿ ಏನೂ ಕೆಟ್ಟಿಲ್ಲ.

ಅಷ್ಟು ಹೊತ್ತೂ ಅಮ್ಮ ಕಪ್ಪು ಟಿವಿ ಎದುರು ಕುರ್ಚಿಯಲ್ಲಿ ಕೂತಿದ್ದರು. ಒಳಗೆ ಯಾರೋ ಜಗಳ ಆಡುತ್ತಿದ್ದರು, ಹಿನ್ನೆಲೆಯಲ್ಲಿ ಜನ ನಗುತ್ತಿದ್ದರು. “ರೇಡಿಯೋ ನಾಟಕದ ಹಾಗಿದೆ, ಇರಲಿ ಬಿಡು” ಅಂದರು. ನನಗೆ ಅಳು ಬರುವುದೊಂದು ಬಾಕಿ.

ಚಾಟ್‌ನಲ್ಲಿ ದೂರು ಕೊಟ್ಟೆ. ಮೇಲಿನ ಪ್ಲಾನ್‌ಗೆ ಬದಲಾಯಿಸಿಕೊಳ್ಳಿ, ಕಟ್ಟಿದ ಹಣ ವಾಪಸ್ ಬರುವುದಿಲ್ಲ, ಎಂದರು. ಅದು ಪ್ಲಾನಿನ ವಿವರದಲ್ಲಿ ಇತ್ತಂತೆ. ಇದ್ದರೂ ದುಡ್ಡು ಕಟ್ಟುವ ಬಟನ್ ಪಕ್ಕದಲ್ಲಿ ಕಣ್ಣಿಗೆ ಬೀಳುವ ಹಾಗೆ ಬರೆಯಬೇಕಿತ್ತು ಎಂಬುದು ನನ್ನ ಈಗಲೂ ಇರುವ ಸಿಟ್ಟು. ಒಂದು ವಾರ ಫೋನನ್ನೇ ಅವಲಕ್ಕಿ ಡಬ್ಬಿಗೆ ಒರಗಿಸಿ ನೋಡಿದೆವು. ಇಬ್ಬರೂ ಕತ್ತು ಚಾಚಬೇಕು. ಮಧ್ಯೆ ಚಿಕ್ಕಪ್ಪನ ವಾಟ್ಸಾಪ್ ಕರೆ ಬಂದರೆ ಎಲ್ಲ ನಿಂತುಹೋಗುತ್ತಿತ್ತು. ಮೇಲಾಗಿ ಅದರ ಹಾಸ್ಯವೆಲ್ಲ ಇಂಗ್ಲಿಷ್ ಬೆರೆಸಿದ ಹಿಂದಿಯಲ್ಲಿ ಇದೆ. ನಾನು ವಿವರಿಸಿ ಮುಗಿಸುವಷ್ಟರಲ್ಲಿ ಮುಂದಿನ ಎರಡು ಮಾತು ಹೋಗಿರುತ್ತಿತ್ತು. ನಗುವನ್ನು ಅನುವಾದ ಮಾಡಿ ಕೊಟ್ಟರೆ ಅದು ತಣ್ಣಗಾದ ದೋಸೆ. ಹಿಂದಿ ಚೆನ್ನಾಗಿ ಬರುವವರು, ಟಿವಿಗೂ ನಡೆಯುವ ಪ್ಲಾನ್ ಇರುವವರು ಖಂಡಿತ ನೋಡಿ. ನಮಗೆ ಒಗ್ಗಲಿಲ್ಲ.

ಮೂರನೆಯದು ನಾಟಕ. ಅಮ್ಮ ಮೆಟ್ಟಿಲು ಹತ್ತುವ ಹಾಗಾದ ಮೇಲೆ ಜನವರಿಯಲ್ಲಿ ಕೆ.ಎಚ್. ಕಲಾಸೌಧಕ್ಕೆ ಕರೆದುಕೊಂಡು ಹೋದೆ, ಮನೆಗೆ ಹತ್ತಿರ. ನಗು ಅಂದರೆ ಅದು, ನೂರಾರು ಜನರ ಜೊತೆ. ಆದರೆ ಆಟೋ, ಟಿಕೆಟ್, ಮಂಡಿನೋವು, ಎಲ್ಲ ಸೇರಿ ತಿಂಗಳಿಗೊಮ್ಮೆಯೂ ಕಷ್ಟ. ಇನ್ನೊಂದು ನಾಟಕಮಂದಿರ ರಂಗಶಂಕರದಲ್ಲಿ ಏಳೂವರೆ ಎಂದರೆ ಏಳೂವರೆಯೇ, ತಡವಾದವರಿಗೆ ಬಾಗಿಲು ತೆಗೆಯುವುದಿಲ್ಲ. ವಾಕರ್ ಜೊತೆ ಆ ಧೈರ್ಯ ಮಾಡಲಿಲ್ಲ.

ಕೊನೆಗೆ ಯೂಟ್ಯೂಬ್. ಚಿತ್ರ ಮಸುಕು, ಎರಡು ಬದಿಯಲ್ಲಿ ಕಪ್ಪು ಪಟ್ಟಿ, ಜಾಹೀರಾತು ಸರಿಯಾಗಿ ನಗುವ ಜಾಗದಲ್ಲೇ ಬರುತ್ತದೆ. ನಮಗೆ ಸಿಕ್ಕ ಕಂತುಗಳು ಕ್ರಮದಲ್ಲೂ ಇರಲಿಲ್ಲ. ಇದಕ್ಕೆ ಅಮ್ಮನೇ ಉಪಾಯ ಮಾಡಿದರು. ಆಸ್ಪತ್ರೆ ಫೈಲಿನ ಹಿಂಬದಿಯ ಖಾಲಿ ಹಾಳೆಯಲ್ಲಿ ಪೆನ್ಸಿಲ್‌ನಿಂದ ನಂಬರ್ ಹಾಕಿ ಒಂದೊಂದು ಸಾಲು: ‘3. ಲಲ್ಲಿ ಹಸಿರು ಸೀರೆ, ನೋಡಿದೆ.’ ‘7. ಅರ್ಧಕ್ಕೇ ನಿಂತಿತು.’ ‘12. ಇನ್ನೊಂದು ಸಲ ನೋಡಬೇಕು.’

ಸಾಲಾಗಿ ನಾಲ್ಕು ನೋಡೋಣ ಎಂದು ಒಂದು ಭಾನುವಾರ ನಾನೇ ಹಟ ಹಿಡಿದೆ. ಮೂರನೆಯದರ ಹೊತ್ತಿಗೆ ಇಬ್ಬರೂ ನಗುವುದನ್ನು ಬಿಟ್ಟು ಸುಮ್ಮನೆ ನೋಡುತ್ತಿದ್ದೆವು. ಮರುದಿನದಿಂದ ಒಂದೇ. ಉಳಿದದ್ದನ್ನು ಬೆಳಗ್ಗೆ ತರಕಾರಿ ಹೆಚ್ಚುವಾಗ ಮಾತಾಡಿಕೊಳ್ಳುತ್ತಿದ್ದೆವು. ವಿಜಯಪ್ರಸಾದ್ ನಿರ್ದೇಶನದ ಗಮ್ಮತ್ತು ಈ ಸಲ ಹೆಚ್ಚು ಅರ್ಥವಾಯಿತು; ಮುಂದೆ ‘ಸಿದ್ಲಿಂಗು’ ಮಾಡಿದ ಅದೇ ಮನುಷ್ಯರು. ಒಂದು ಸಂಜೆ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ ಬಂಗಾರಮ್ಮನಾಗಿ ಮಂಜುಭಾಷಿಣಿಯವರನ್ನು ಕಂಡು ಅಮ್ಮ “ನಮ್ಮ ಲಲಿತಾಂಬ ಎಷ್ಟು ಗಟ್ಟಿಗಿತ್ತಿ ಆಗಿಬಿಟ್ಟಳು” ಎಂದು ಸ್ವಂತ ಮಗಳ ಸುದ್ದಿ ಹೇಳುವ ಹಾಗೆ ಹೇಳಿದರು.

ನನ್ನ ಲೆಕ್ಕ ಇಷ್ಟೇ. ಇಂಟರ್‌ನೆಟ್‌ಗೆ ಹೇಗೂ ತಿಂಗಳು ತಿಂಗಳು ಕಟ್ಟುತ್ತೇವೆ, ಯೂಟ್ಯೂಬ್‌ಗೆ ಬೇರೆ ಖರ್ಚಿಲ್ಲ. ಒಟಿಟಿಯ ಆಟೋ ರಿನ್ಯೂವಲ್ ಆರಿಸಿದ್ದೇನೆ. ನಾಟಕಕ್ಕೆ ಯುಗಾದಿ ಕಳೆದ ಮೇಲೆ ಇನ್ನೊಮ್ಮೆ ಹೋಗುತ್ತೇವೆ.

ಫೆಬ್ರವರಿಯಲ್ಲಿ ಅಮ್ಮ ಊರಿಗೆ ಹೊರಟಾಗ ಆ ಫೈಲನ್ನು ಮಾತ್ರೆ ಚೀಲದ ಜೊತೆ ತಾವೇ ಎತ್ತಿಟ್ಟುಕೊಂಡರು. ತಿಪಟೂರಿನದು ಹಳೇ ಟಿವಿ, ಯೂಟ್ಯೂಬ್ ಬರುವುದಿಲ್ಲ. ಹಿಂದೆ ಚುಚ್ಚುವ ಸ್ಟಿಕ್ ಒಂದನ್ನು ಈ ವಾರ ತಗೊಂಡು ಹೋಗಬೇಕು. 41ರಲ್ಲಿ ನಿಂತಿದ್ದಾರೆ.