ರಣಥಂಬೋರ್: ಝೋನ್ ನಂಬರ್ ನೋಡದೆ ದುಡ್ಡು ಕಟ್ಟಬೇಡಿ

ರಾಜಸ್ಥಾನದ ಹುಲಿ ಕಾಡು ರಣಥಂಬೋರ್‌ಗೆ ಸಫಾರಿಗೆಂದು ಹೋಗಿ ಸಪ್ಪೆ ಮುಖ ಹಾಕಿಕೊಂಡು ಬರುವವರ ಕಥೆ ಹೆಚ್ಚೂಕಮ್ಮಿ ಒಂದೇ. ‘ಝೋನ್ 3 ಪಕ್ಕಾ, ಜಿಪ್ಸಿ (ಚಿಕ್ಕ ತೆರೆದ ಜೀಪು), ಜೊತೆಗೆ ಕೋಟೆ’ ಎಂದು ವಾಟ್ಸ್ಆ್ಯಪ್‌ನಲ್ಲಿ ಮಾತಾಗುತ್ತದೆ. ಪೂರ್ತಿ ಹಣ ಮುಂಗಡ. ಹಿಂದಿನ ರಾತ್ರಿ ಕೈಗೆ ಬರುವ ಟಿಕೆಟ್‌ನಲ್ಲಿ ಮಾತ್ರ ಝೋನ್ 8, ಕ್ಯಾಂಟರ್ (ದೊಡ್ಡ ತೆರೆದ ಗಾಡಿ). ಕೇಳಿದರೆ ‘ಅರಣ್ಯ ಇಲಾಖೆಯವರೇ ಬದಲಾಯಿಸಿದ್ರು’ ಅನ್ನುತ್ತಾರೆ.

ಇಲ್ಲಿ ಸಫಾರಿಗೆ ಹತ್ತು ಝೋನ್‌ಗಳಿವೆ, ಅಂದರೆ ಕಾಡಿನ ಹತ್ತು ಭಾಗಗಳು. 1ರಿಂದ 5 ಹಳೆಯ ಕಾಡು. 6ರಿಂದ 10 ಹೊರವಲಯ, ಅವುಗಳ ಗೇಟುಗಳೂ ಬೇರೆ ದಿಕ್ಕಿನಲ್ಲಿ. ಹೊರವಲಯದಲ್ಲೂ ಹುಲಿ ಕಾಣುತ್ತದೆ, ಅದೇನೂ ದಂಡವಲ್ಲ. ಆದರೆ ಪದಮ್ ತಲಾವ್, ರಾಜ್‌ಬಾಗ್ ಕೆರೆಗಳಿರುವುದು ಝೋನ್ 3ರಲ್ಲಿ. ಮೊಸಳೆಯ ಜೊತೆ ಕಾದಾಡಿ ಹೆಸರಾದ ಮಛಲಿ ಎಂಬ ಹೆಣ್ಣುಹುಲಿಯ (2016ರಲ್ಲಿ ಸತ್ತಿತು) ಫೋಟೊ ನೋಡಿದವರೆಲ್ಲ ಈ ಝೋನನ್ನೇ ಕೇಳುತ್ತಾರೆ. ದಲ್ಲಾಳಿಗಳು ಬಲೆ ಹಾಕುವುದೂ ಅಲ್ಲೇ. ಇದಕ್ಕೊಂದು ಸುಲಭ ಪರೀಕ್ಷೆ: ಜುಲೈ 1ರಿಂದ ಸೆಪ್ಟೆಂಬರ್ 30ರವರೆಗೆ 1ರಿಂದ 5ನೇ ಝೋನ್ ಬಂದ್. ಆಗಸ್ಟ್‌ನಲ್ಲಿ ಯಾರಾದರೂ ಝೋನ್ 3 ಕೊಡಿಸುತ್ತೇನೆ ಅಂದರೆ ಅಲ್ಲಿಗೇ ಫೋನ್ ಇಡಿ.

ಆನ್‌ಲೈನ್ ಟಿಕೆಟ್ ಬರುವುದು ಸರ್ಕಾರಿ ಜಾಲತಾಣದಿಂದ ಮಾತ್ರ. ಅದರ ವಿಳಾಸ ‘ರಾಜಸ್ಥಾನ್ ಡಾಟ್ ಗವ್ ಡಾಟ್ ಇನ್’ (rajasthan.gov.in) ಎಂದೇ ಮುಗಿಯಬೇಕು. ಹುಲಿ ಚಿತ್ರ, ಅಶೋಕ ಸ್ತಂಭ ಹಾಕಿಕೊಂಡು ‘ಡಾಟ್ ಕಾಮ್’ ಎಂದು ಮುಗಿಯುವುದೆಲ್ಲ ಖಾಸಗಿ ಅಂಗಡಿ. ಟಿಕೆಟ್ ಕೈಗೆ ಬಂದಾಗ ನಾಲ್ಕು ಕಡೆ ಕಣ್ಣಾಡಿಸಿ: ಝೋನ್, ವಾಹನ, ಬೆಳಗಿನದೋ ಮಧ್ಯಾಹ್ನದ್ದೋ, ಪ್ರತಿಯೊಬ್ಬರ ಹೆಸರು ಮತ್ತು ಗುರುತಿನ ಚೀಟಿಯ ಸಂಖ್ಯೆ. ಟಿಕೆಟ್ ಇನ್ನೊಬ್ಬರ ಹೆಸರಿಗೆ ವರ್ಗವಾಗುವುದಿಲ್ಲ. ಅದರಲ್ಲಿ ಅಪರಿಚಿತರ ಹೆಸರಿದ್ದರೆ ಗೇಟಿನಲ್ಲಿ ಇಳಿಸುವುದು ನಿಮ್ಮನ್ನೇ. ಜಿಪ್ಸಿಗೆ ಆರು ಜನ, ಕ್ಯಾಂಟರ್‌ಗೆ ಇಪ್ಪತ್ತು. ಕ್ಯಾಂಟರ್‌ನ ಹಿಂದಿನ ಸಾಲಿನಲ್ಲಿ ಕೂತವರಿಗೆ ಹುಲಿಗಿಂತ ಧೂಳೇ ಹೆಚ್ಚು.

2025ರ ಆಗಸ್ಟ್‌ನಲ್ಲಿ ಝೋನ್ 6ರಲ್ಲಿ ಕ್ಯಾಂಟರ್ ಕೆಟ್ಟು ನಿಂತು, ಪ್ರವಾಸಿಗರು ಮಕ್ಕಳ ಸಮೇತ ಕತ್ತಲಲ್ಲಿ ಕಾಯಬೇಕಾಯಿತು. ಗೈಡ್ ಅವರನ್ನು ಅಲ್ಲೇ ಬಿಟ್ಟು ಹೋಗಿದ್ದ. ಹಾಗಾದಾಗ ಗಾಡಿಯಿಂದ ಇಳಿಯಬೇಡಿ. ಒಳಗೆ ಹಲವೆಡೆ ಸಿಗ್ನಲ್ ಇರುವುದಿಲ್ಲ, ಹಾಗಾಗಿ ಹೊರಡುವ ಮೊದಲೇ ಗಾಡಿ ನಂಬರು, ಝೋನ್, ವಾಪಸಾಗುವ ಹೊತ್ತನ್ನು ಹೋಟೆಲಿನಲ್ಲಿ ಬರೆಸಿಡಿ. ಮಧ್ಯಾಹ್ನದ ಸಫಾರಿಗೂ ಒಂದು ಟಾರ್ಚ್ ಇರಲಿ.

ಇನ್ನು ಕೋಟೆ. ಅದಕ್ಕೆ ಸಫಾರಿ ಪರವಾನಗಿ ಬೇಕಿಲ್ಲ. ‘ಕೋಟೆ ಪರ್ಮಿಟ್’ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. 1301ರಲ್ಲಿ ಹಮ್ಮೀರದೇವ ಚೌಹಾಣ ಅಲಾವುದ್ದೀನ್ ಖಿಲ್ಜಿಗೆ ಸೋತ ಕೋಟೆ ಇದು, 2013ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಒಳಗೆ ತ್ರಿನೇತ್ರ ಗಣೇಶನ ಗುಡಿ ಇರುವುದರಿಂದ ಜನ ಇದನ್ನು ಗುಡ್ಡದ ದೇವಸ್ಥಾನ ಅಂದುಕೊಳ್ಳುತ್ತಾರೆ. ಆದರೆ ಕೋಟೆ ಇರುವುದು ಹುಲಿಯ ಕಾಡಿನ ಒಳಗೆ, ಅಲ್ಲಿಗೆ ಬೇಲಿಯೇನೂ ಇಲ್ಲ. 2025ರ ಏಪ್ರಿಲ್‌ನಲ್ಲಿ ದರ್ಶನ ಮುಗಿಸಿ ಮರಳುತ್ತಿದ್ದ ಏಳು ವರ್ಷದ ಹುಡುಗನನ್ನು ಹುಲಿ ಕೊಂದಿತು. ದಾರಿಯಲ್ಲಿ ಫೋಟೊಗೆಂದು ಗಾಡಿ ಇಳಿಯುವುದು, ಮಕ್ಕಳನ್ನು ಮುಂದೆ ಓಡಲು ಬಿಡುವುದು, ಮುಸ್ಸಂಜೆವರೆಗೆ ಮೇಲೆ ಕೂರುವುದು ಬೇಡ. ಹುಲಿ ಓಡಾಡುತ್ತಿದೆಯೆಂದು ದಾರಿ ಮುಚ್ಚಿದರೆ ಕಾವಲುಗಾರರ ಜೊತೆ ವಾದಿಸದೆ ವಾಪಸಾಗಿ.

ಬೆಳಗಿನ ಸಫಾರಿ, ಕೋಟೆ, ಮತ್ತೆ ಮಧ್ಯಾಹ್ನದ ಸಫಾರಿ ಎಂಬ ಒಂದು ದಿನದ ಪ್ಯಾಕೇಜ್ ಕಾಗದದ ಮೇಲೆ ಮಾತ್ರ ಚೆಂದ. ಒಂದೊಂದು ಸಫಾರಿಗೂ ಮೂರು ಗಂಟೆಗೂ ಮೇಲೆ ಹಿಡಿಯುತ್ತದೆ, ಕೋಟೆ ಹತ್ತಿ ನೋಡಿ ಇಳಿಯಲು ಇನ್ನು ಮೂರು. ಬುಧವಾರ ಗಣೇಶನ ದಿನ, ಚೌತಿಯ ಹೊತ್ತಿಗಂತೂ ಜಾತ್ರೆ. ಆಗ ಗಾಡಿಗಳ ಸಾಲಿನಲ್ಲೇ ಸಫಾರಿ ತಪ್ಪಿಹೋಗುತ್ತದೆ. ಕೋಟೆಗೆ ಬೇರೆ ದಿನ ಇಟ್ಟುಕೊಂಡು ಬೆಳಗ್ಗೆ ಬೇಗ ಹತ್ತಿ. ಮೆಟ್ಟಿಲ ಕಲ್ಲು ಸವೆದು ನುಣುಪಾಗಿದೆ, ಹಿಡಿತವಿರುವ ಬೂಟು ಬೇಕು. ಲಡ್ಡು ಪೊಟ್ಟಣ ಕೈಯಲ್ಲಿ ತೂಗಿಸಿಕೊಂಡು ಇಳಿದರೆ ಮುಸಿಯಗಳು ಮೊದಲು ಚೀಲ ಎಳೆಯುತ್ತವೆ, ಎಳೆದಾಟಕ್ಕೆ ನಿಂತರೆ ಕಚ್ಚುತ್ತವೆ. ಪ್ರಸಾದ ಜಿಪ್ ಇರುವ ಬ್ಯಾಗಿನೊಳಗೆ ಹೋಗಲಿ. ಕಚ್ಚಿದರೆ ಸೋಪಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ರೇಬೀಸ್ ಚುಚ್ಚುಮದ್ದು ಹಾಕಿಸಿಕೊಳ್ಳಿ.