ಟಿಪ್ಪಣಿಗೂ ಕೆಲಸಕ್ಕೂ ಗಂಟು: ಟುಡು ಟೆಕ್ಸ್ಟ್, ಅಬ್ಸಿಡಿಯನ್, ಆರ್ಗ್ ಮೋಡ್ ಮೂರನ್ನೂ ತೋಟಕ್ಕೆ ಹಚ್ಚಿ ನೋಡಿದಾಗ

ಚಿಕ್ಕಮಗಳೂರಿನ ಆಲ್ದೂರು ಕಡೆ ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಹೇಳದೆ ಕೇಳದೆ ಹೋಗುತ್ತವೆ. ಅದಕ್ಕೇ ಕಾಫಿ ತೋಟದ ವಿವರವನ್ನೆಲ್ಲ ಸಾದಾ ಟೆಕ್ಸ್ಟ್ ಫೈಲಿನಲ್ಲಿ ಇಡುವ ಅಭ್ಯಾಸ ನನ್ನದು. ಲ್ಯಾಪ್‌ಟಾಪ್‌ನಲ್ಲಿ ಒಂದು ಫೋಲ್ಡರ್, ಫೋನಿನಲ್ಲಿ ಅದೇ ಫೋಲ್ಡರ್, ಎರಡನ್ನೂ ಒಂದೇ ಸಮ ಇಡಲು ನಡುವೆ ಸಿಂಕ್‌ಥಿಂಗ್ ಎಂಬ ತಂತ್ರಾಂಶ. ಯಾವ ಕಂಪನಿ ಬಾಗಿಲು ಹಾಕಿದರೂ ಫೈಲು ನನ್ನ ಹತ್ತಿರವೇ ಇರುತ್ತದೆ.

ಟಿಪ್ಪಣಿ ಬರೆಯುವುದು ಕಷ್ಟವಲ್ಲ. ಕೆಲಸದ ಪಟ್ಟಿ ಮಾಡುವುದೂ ಕಷ್ಟವಲ್ಲ. ಒಂದನ್ನು ಇನ್ನೊಂದಕ್ಕೆ ಕಟ್ಟುವುದು ತಲೆನೋವು. ಮೇ ತಿಂಗಳಲ್ಲಿ ಮಳೆ ಹಿಡಿಯುವ ಮುಂಚೆ ಬೋರ್ಡೋ (ಶಿಲೀಂಧ್ರ ರೋಗ ತಡೆಯುವ ದ್ರಾವಣ) ಹೊಡೆಸಬೇಕು. ಇದು ಕೆಲಸ. ಶೇಕಡಾ 1ರ ದ್ರಾವಣ ಅಂದರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಕಬ್ಬಿಣದ ಚಾಕು ಅದ್ದಿ ತೆಗೆದಾಗ ಕೆಂಪಗೆ ತಾಮ್ರ ಕೂತಿದ್ದರೆ ಸುಣ್ಣ ಸಾಲದು. ಇದು ಟಿಪ್ಪಣಿ. ಡ್ರಮ್ಮಿನ ಪಕ್ಕ ನಿಂತು ನಮ್ಮ ರೈಟರ್ (ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವವನು), ‘ಅಣ್ಣಾ, ಹೋದ್ಸಲ ಸುಣ್ಣ ಎಷ್ಟು ಜಾಸ್ತಿ ಹಾಕಿದ್ವಿ?’ ಅಂತ ಕೇಳಿದರೆ ಕೆಲಸದ ಸಾಲಿನಿಂದ ಟಿಪ್ಪಣಿಗೆ ಒಂದೇ ಒತ್ತಿಗೆ ಹೋಗಬೇಕು. ರಾತ್ರಿ ಟಿಪ್ಪಣಿ ಓದುವಾಗ, ಈ ವರ್ಷದ್ದು ಯಾವ ಬ್ಲಾಕಿಗೆ ಆಯಿತು, ಯಾವುದಕ್ಕೆ ಬಾಕಿ ಅಂತ ಅಲ್ಲೇ ಕಾಣಬೇಕು. ಹೋಗುವ ದಾರಿ, ಬರುವ ದಾರಿ ಎರಡೂ ಇರಬೇಕು ಅಲ್ವಾ. ಫೈಲಿನ ಹೆಸರು ಬದಲಾದರೂ ದಾರಿ ಮುಚ್ಚಬಾರದು. ಟುಡು ಟೆಕ್ಸ್ಟ್, ಅಬ್ಸಿಡಿಯನ್, ಆರ್ಗ್ ಮೋಡ್ ಮೂರನ್ನೂ ನಾನು ಅಳೆದಿದ್ದು ಇದರಿಂದಲೇ.

ಟುಡು ಟೆಕ್ಸ್ಟ್ ಅತಿ ಸರಳ. ಜೀನಾ ಟ್ರಪಾನಿ 2006ರಲ್ಲಿ ಶುರು ಮಾಡಿದ್ದು. ಒಂದು ಫೈಲು, ಒಂದು ಸಾಲಿಗೆ ಒಂದು ಕೆಲಸ. ಕೂಡಿಸುವ ಚಿಹ್ನೆ ಹಾಕಿದರೆ ಯೋಜನೆ, @ ಹಾಕಿದರೆ ಜಾಗ. ಟಿಪ್ಪಣಿಗೆ ಕೊಂಡಿ ಹಾಕುವ ನಿಯಮ ಇದರಲ್ಲಿ ಇಲ್ಲ. ಆದರೆ ಮಧ್ಯೆ ಕೋಲನ್ ಇಟ್ಟು ಯಾವ ವಿವರ ಬೇಕಾದರೂ ಸೇರಿಸಬಹುದು. ಹಾಗಾಗಿ ನನ್ನ ಸಾಲು ಹೀಗಿತ್ತು:

ಹಳ್ಳದ ಬ್ಲಾಕ್ ಬೋರ್ಡೋ ಹೊಡೆಸಬೇಕು +ಕಾಫಿ @ತೋಟ ಟಿಪ್ಪಣಿ:202405180910

ಕೊನೆಯ ಅಂಕಿ ಟಿಪ್ಪಣಿ ಬರೆದ ದಿನ ಮತ್ತು ಗಂಟೆ. ಅದೇ ಅಂಕಿ ಟಿಪ್ಪಣಿ ಫೈಲಿನ ಹೆಸರಿನಲ್ಲೂ ಇರುತ್ತದೆ. ಫೋಲ್ಡರಿನಲ್ಲಿ ಆ ಅಂಕಿ ಹುಡುಕಿದರೆ ಎರಡೂ ಸಿಗುತ್ತವೆ. ಒಪ್ಪುತ್ತೇನೆ, ಇದು ಕೊಂಡಿಯಲ್ಲ, ಬರೀ ಹುಡುಕಾಟ. ಆದರೆ ಅಂಕಿ ಉಳಿಸಿಕೊಂಡರೆ ಫೈಲಿಗೆ ಏನು ಹೆಸರಿಟ್ಟರೂ, ಎಲ್ಲಿಗೆ ಸರಿಸಿದರೂ ತಪ್ಪುವುದಿಲ್ಲ.

ತೊಂದರೆ ಬೇರೆ ಕಡೆ ಬರುತ್ತದೆ. ಮುಗಿದ ಕೆಲಸದ ಮುಂದೆ ಒಂದು ಚಿಕ್ಕ ಎಕ್ಸ್ ಬೀಳುತ್ತದೆ. ಆಮೇಲೆ ಆ ಸಾಲನ್ನು ‘ಡನ್’ ಫೈಲಿಗೆ ತಳ್ಳುವುದು ರೂಢಿ. ಹೋದ ವರ್ಷದ ಕಥೆ ಅಲ್ಲಿ, ಈ ವರ್ಷದ್ದು ಇಲ್ಲಿ, ವಿವರ ಮೂರನೇ ಫೈಲಿನಲ್ಲಿ. ವರ್ಷವರ್ಷ ಮರಳುವ ಕೆಲಸಕ್ಕೂ ಮೂಲ ನಿಯಮದಲ್ಲಿ ಜಾಗವಿಲ್ಲ. ಕೆಲವು ಆ್ಯಪ್‌ಗಳು ತಮ್ಮದೇ ಗುರುತು ಸೇರಿಸಿಕೊಂಡಿವೆ, ಅಷ್ಟೇ. ತೋಟದಲ್ಲಿ ಮರಳದ ಕೆಲಸ ಯಾವುದಿದೆ ಹೇಳಿ? ಮರಗಸಿ (ನೆರಳಿನ ಮರದ ಕೊಂಬೆ ಸವರುವುದು), ಚಿಗುರು ತೆಗೆಯುವುದು, ಗೊಬ್ಬರ ಎಲ್ಲ ವರ್ಷಾ ಬರುವಂಥವೇ.

ಅಬ್ಸಿಡಿಯನ್ 2020ರಲ್ಲಿ ಬಂದಿದ್ದು. ಫೈಲು ಮಾರ್ಕ್‌ಡೌನ್ (ಸರಳ ಗುರುತು ಹಾಕಿದ ಸಾದಾ ಟೆಕ್ಸ್ಟ್), ಆದರೆ ಆ್ಯಪ್ ಮುಕ್ತ ತಂತ್ರಾಂಶವಲ್ಲ. ಎರಡು ಜೋಡಿ ಚೌಕ ಆವರಣದೊಳಗೆ ಟಿಪ್ಪಣಿಯ ಹೆಸರು ಬರೆದರೆ ಕೊಂಡಿ ಆಯಿತು. ಬರುವ ದಾರಿ ಇದರಲ್ಲಿ ತಾನಾಗಿಯೇ ಇದೆ. ದಿನಚರಿಯಲ್ಲಿ ಒಂದು ಚೆಕ್‌ಬಾಕ್ಸ್ ಸಾಲು ಬರೆದು ಅದರೊಳಗೆ ಬೋರ್ಡೋ ಟಿಪ್ಪಣಿಯ ಹೆಸರು ಹಾಕಿ. ಆಮೇಲೆ ಬೋರ್ಡೋ ಟಿಪ್ಪಣಿ ತೆರೆದರೆ, ಪಕ್ಕದ ಬ್ಯಾಕ್‌ಲಿಂಕ್ ಪಟ್ಟಿಯಲ್ಲಿ ಆ ಸಾಲು ಬಂದು ಕೂತಿರುತ್ತದೆ. ಮೊದಲ ಸಲ ನೋಡಿದಾಗ ಮನಸ್ಸು ಸೋತದ್ದು ನಿಜ. ಟಾಸ್ಕ್ಸ್ ಎಂಬ ಪ್ಲಗಿನ್ ಹಾಕಿಕೊಂಡರೆ ಎಲ್ಲ ಫೈಲಿನ ಬಾಕಿ ಕೆಲಸವನ್ನೂ ದಿನಾಂಕದ ಪ್ರಕಾರ ಒಂದೇ ಪುಟದಲ್ಲಿ ತೋರಿಸುತ್ತದೆ, ಮರಳುವ ಕೆಲಸವನ್ನೂ ನೋಡಿಕೊಳ್ಳುತ್ತದೆ. ಫೋನಿನ ಆ್ಯಪ್ ಕೂಡ ಚೆನ್ನಾಗಿದೆ.

ಆದರೆ ಕೊಂಡಿ ನಿಂತಿರುವುದು ಹೆಸರಿನ ಮೇಲೆ. ಆ್ಯಪ್ ಒಳಗೇ ಹೆಸರು ಬದಲಿಸಿದರೆ ಅದು ಕೊಂಡಿಗಳನ್ನೆಲ್ಲ ತಿದ್ದುತ್ತದೆ. ಫೈಲ್ ಮ್ಯಾನೇಜರಿನಲ್ಲಿ ಬದಲಿಸಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ, ಕೊಂಡಿ ಹರಿಯುತ್ತದೆ. ಸಾದಾ ಟೆಕ್ಸ್ಟ್ ಅಂದ ಮೇಲೆ ಯಾವ ಎಡಿಟರಿನಲ್ಲಾದರೂ ಮುಟ್ಟಬಹುದು ಎಂಬ ಧೈರ್ಯ ಬೇಕಲ್ಲ?

ಕನ್ನಡದಲ್ಲಿ ಬರೆಯುವವರಿಗೆ ಇಲ್ಲಿ ಇನ್ನೂ ಎರಡು ಕಾಟಗಳಿವೆ. ಮೊದಲನೆಯದು ವಿಭಕ್ತಿ. ಫೈಲಿನ ಹೆಸರು ‘ಹಳ್ಳದ ಬ್ಲಾಕ್’, ವಾಕ್ಯದಲ್ಲಿ ಬರುವುದು ‘ಹಳ್ಳದ ಬ್ಲಾಕಿಗೆ’, ‘ಹಳ್ಳದ ಬ್ಲಾಕಿನಲ್ಲಿ’. ಪ್ರತಿ ಸಲ ಆವರಣದೊಳಗೆ ಹೆಸರಿನ ಮುಂದೆ ಒಂದು ನಿಲುಗೆರೆ (|) ಹಾಕಿ, ಕಾಣಬೇಕಾದ ರೂಪವನ್ನು ಬೇರೆಯಾಗಿ ಬರೆಯಬೇಕು. ಸ್ವಲ್ಪ ದಿನದಲ್ಲೇ ಕೈ ಸೋಮಾರಿಯಾಗಿ ಕೊಂಡಿಯನ್ನು ಸಾಲಿನ ಕೊನೆಗೆ ತಳ್ಳುತ್ತದೆ. ಎರಡನೆಯದು ಕಣ್ಣಿಗೆ ಕಾಣದ್ದು. ‘ಬೋ’ ಅಕ್ಷರದ ಓತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ, ಊತ್ವ, ದೀರ್ಘ ಎಂದು ಮೂರು ತುಂಡಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ‘ಬೋರ್ಡೋ’ ಎಂದೇ ಕಾಣುತ್ತವೆ. ಹಳೆಯ ಮ್ಯಾಕ್ ಕಂಪ್ಯೂಟರುಗಳು ಫೈಲ್ ಹೆಸರನ್ನು ತುಂಡು ಮಾಡಿಯೇ ಇಡುತ್ತಿದ್ದವು. ಅಂಥ ಕಡೆಯಿಂದ ಬಂದ ಫೈಲನ್ನು ಇಲ್ಲಿಯ ಲಿನಕ್ಸ್‌ನಲ್ಲಿ ಹೆಸರು ಹೊಡೆದು ಹುಡುಕಿದರೆ ಇಲ್ಲ ಅನ್ನುತ್ತದೆ, ಕಣ್ಣೆದುರೇ ಇದ್ದರೂ! ಅರ್ಧಾಕ್ಷರ ಬಿಡಿಸಿಡಲು ಹಾಕುವ, ಕಣ್ಣಿಗೆ ಕಾಣದ ಗುರುತಿನದ್ದೂ ಇದೇ ಹಾಡು. ಒಂದು ಕೀಲಿಮಣೆ ಹಾಕುತ್ತದೆ, ಇನ್ನೊಂದು ಬಿಡುತ್ತದೆ. ಹೆಸರೇ ಕೊಂಡಿಯಾದರೆ ಇದನ್ನೆಲ್ಲ ನಾವೇ ಕಾಯಬೇಕು. ಅಂಕಿಗೆ ಈ ರೋಗವಿಲ್ಲ.

ಆರ್ಗ್ ಮೋಡ್ ವಯಸ್ಸಿನಲ್ಲಿ ಇವೆರಡಕ್ಕಿಂತ ಹಿರಿಯ. ಕಾರ್ಸ್ಟನ್ ಡೊಮಿನಿಕ್ ಎಂಬ ಖಗೋಳ ವಿಜ್ಞಾನಿ 2003ರಲ್ಲಿ ಇಮ್ಯಾಕ್ಸ್ ಎಂಬ ಟೆಕ್ಸ್ಟ್ ಎಡಿಟರಿಗಾಗಿ ಬರೆದದ್ದು. ಇದರಲ್ಲಿ ಟಿಪ್ಪಣಿ ಬೇರೆ, ಕೆಲಸ ಬೇರೆ ಎಂಬ ಭೇದವೇ ಇಲ್ಲ. ಯಾವ ತಲೆಬರಹದ ಮುಂದೆ ಸ್ಥಿತಿಯ ಪದ ಹಾಕಿದರೂ ಅದು ಕೆಲಸವಾಗುತ್ತದೆ, ಅದರ ಕೆಳಗಿನದ್ದೆಲ್ಲ ಅದರ ಟಿಪ್ಪಣಿ. ಆ ಪದ ಕನ್ನಡದ್ದೇ ಆಗಬಹುದು; ನಾನು ‘ಬಾಕಿ’, ‘ಆಯ್ತು’ ಇಟ್ಟುಕೊಂಡಿದ್ದೇನೆ. ಹಳ್ಳದ ಬ್ಲಾಕಿನ ಬೋರ್ಡೋ ಈಗ ಹೀಗಿದೆ:

* ಬಾಕಿ ಹಳ್ಳದ ಬ್ಲಾಕ್ ಬೋರ್ಡೋ

ಅದರಡಿ ವರ್ಷಕ್ಕೊಮ್ಮೆ ಮರಳುವ ದಿನಾಂಕ, ಅದರಡಿ ಸುಣ್ಣದ ಲೆಕ್ಕ. ‘ಆಯ್ತು’ ಎಂದು ಒತ್ತಿದರೆ ದಿನಾಂಕ ಮುಂದಿನ ವರ್ಷಕ್ಕೆ ಹಾರುತ್ತದೆ, ಮುಗಿಸಿದ ದಿನ ಗಂಟೆ ಅಲ್ಲೇ ಕೆಳಗೆ ದಾಖಲಾಗುತ್ತದೆ. ವರ್ಷ ಕಳೆದಂತೆ ಆ ತಲೆಬರಹದ ಕೆಳಗೇ ಬ್ಲಾಕಿನ ಚರಿತ್ರೆ ಬೆಳೆಯುತ್ತದೆ. ಬೇರೆ ಬೇರೆ ಫೈಲಿನ ಬಾಕಿಯನ್ನು ಅಜೆಂಡಾ ಎಂಬ ಪುಟ ಒಟ್ಟಿಗೆ ತೋರಿಸುತ್ತದೆ. ಅಲ್ಲಿಂದ ಎಂಟರ್ ಒತ್ತಿದರೆ ನೇರ ಟಿಪ್ಪಣಿಯ ಒಳಗೆ. ಅರ್ಧಕ್ಕರ್ಧ ಕೊಂಡಿಗಳ ಅಗತ್ಯವೇ ಬೀಳುವುದಿಲ್ಲ.

ಬಿದ್ದಾಗ ಐಡಿ ಇದೆ. ತಲೆಬರಹಕ್ಕೆ ಒಂದು ಉದ್ದನೆಯ ಗುರುತು ಕೊಟ್ಟು, ಕೊಂಡಿ ಅದನ್ನೇ ಹಿಡಿಯುತ್ತದೆ. ಹೆಸರು ಬದಲಿಸಿ, ಬೇರೆ ಫೈಲಿಗೆ ಎತ್ತಿ ಹಾಕಿ, ಕೊಂಡಿ ಜಗ್ಗುವುದಿಲ್ಲ. ಫೈಲನ್ನೇ ಹೊರಗಿನಿಂದ ಸರಿಸಿದರೆ ಮಾತ್ರ ಐಡಿಗಳ ಪಟ್ಟಿಯನ್ನು ಒಮ್ಮೆ ಹೊಸದಾಗಿ ಮಾಡಿಸಬೇಕು. ಕಾಣುವ ಪದ ಬೇರೆ, ಹಿಡಿಯುವ ಗುರುತು ಬೇರೆ ಇರುವುದರಿಂದ ‘ಬ್ಲಾಕಿಗೆ’, ‘ಬ್ಲಾಕಿನಿಂದ’ ಏನು ಬೇಕಾದರೂ ಬರೆಯಿರಿ. ಕ್ಯಾಪ್ಚರ್ ಎಂಬ ಸೌಲಭ್ಯ ನನಗೆ ಇನ್ನೂ ಇಷ್ಟ. ಮೆಣಸಿನ ಟಿಪ್ಪಣಿ ಓದುತ್ತಾ ಹೊಸ ಕೆಲಸ ನೆನಪಾದರೆ, ಅಲ್ಲಿಂದಲೇ ದಾಖಲಿಸಬಹುದು. ನಾನು ಎಲ್ಲಿದ್ದೆ ಎಂಬ ಕೊಂಡಿ ಕೆಲಸದ ಕೆಳಗೆ ತಾನೇ ಬಂದು ಕೂರುತ್ತದೆ.

ಬರುವ ದಾರಿಯಲ್ಲಿ ಇದು ಅಬ್ಸಿಡಿಯನ್‌ಗೆ ಸೋಲುತ್ತದೆ. ಬ್ಯಾಕ್‌ಲಿಂಕ್ ಪಟ್ಟಿ ಬೇಕಾದರೆ ಆರ್ಗ್ ರೋಮ್‌ನಂಥ ಪ್ಲಗಿನ್ ಹಾಕಿಕೊಳ್ಳಬೇಕು. ಅದು ಪಕ್ಕದಲ್ಲಿ ಒಂದು ಡೇಟಾಬೇಸ್ ಇಡುತ್ತದೆ. ನನಗೆ ಅದು ಬೇಡವಾಗಿತ್ತು, ಐಡಿ ಹುಡುಕಿಕೊಂಡು ಸುಮ್ಮನಾದೆ. ಇನ್ನು ಇಮ್ಯಾಕ್ಸ್ ಕಲಿಯುವುದು. ಸುಲಭ ಅಂತ ಹೇಳಿದರೆ ಸುಳ್ಳಾಗುತ್ತದೆ. ಫೋನಿನಲ್ಲಿ ಆರ್ಗ್ ಫೈಲು ತೆರೆಯಲು ಆರ್ಗ್‌ಜ್ಲಿ ಎಂಬ ಆ್ಯಪ್ ಇದೆ. ‘ಬಾಕಿ’, ‘ಆಯ್ತು’ ಪದಗಳನ್ನು ಅದರ ಸೆಟ್ಟಿಂಗ್‌ನಲ್ಲೂ ಕೊಡಬೇಕು, ಇಲ್ಲದಿದ್ದರೆ ಅವು ಹೆಸರಿನ ಭಾಗವೇ ಅಂದುಕೊಳ್ಳುತ್ತದೆ. ಎರಡೂ ಕಡೆ ಒಂದೇ ಫೈಲು ತಿದ್ದಿದರೆ ಸಿಂಕ್‌ಥಿಂಗ್ ಒಂದನ್ನು ಬೇರೆ ಹೆಸರಿನಲ್ಲಿ ‘ಜಗಳದ ಪ್ರತಿ’ಯಾಗಿ ಇಡುತ್ತದೆ. ದೊಡ್ಡ ಫೈಲು ಇಟ್ಟಷ್ಟೂ ಈ ಜಗಳ ಜಾಸ್ತಿ. ಹಾಗಾಗಿ ಬ್ಲಾಕಿಗೊಂದು ಫೈಲು ಇಡುವುದು ಒಳ್ಳೆಯದು.

ನಾನು ಉಳಿದುಕೊಂಡಿದ್ದು ಆರ್ಗ್‌ನಲ್ಲೇ. ರಾತ್ರಿ ಚೆಕ್‌ರೋಲ್ (ಆಳುಗಳ ಹಾಜರಿ) ಬರೆಯುವ ಹೊತ್ತಿಗೆ ಹೇಗೂ ಲ್ಯಾಪ್‌ಟಾಪ್ ತೆರೆದಿರುತ್ತದೆ. ಪಕ್ಕದ ತೋಟದ ಭಾವ ಫೋನು ಬಿಟ್ಟು ಬೇರೆ ಮುಟ್ಟುವವರಲ್ಲ, ಅವರಿಗೆ ಅಬ್ಸಿಡಿಯನ್ನೇ ಹಾಕಿಕೊಟ್ಟೆ. ಆದರೆ ಪ್ರತಿ ಫೈಲಿನ ಹೆಸರಿನ ಮುಂದೆ ದಿನಾಂಕದ ಅಂಕಿ ಹಾಕಲೇಬೇಕು ಎಂಬ ಕರಾರಿನ ಮೇಲೆ. ಟುಡು ಟೆಕ್ಸ್ಟ್ ಈಗ ರೈಟರ್ ಫೋನಿನಲ್ಲಿದೆ: ಪೇಟೆಯಿಂದ ತರುವ ಸಾಮಾನು, ಮೋಟರ್ ರಿಪೇರಿ, ಗೊಬ್ಬರದ ಚೀಲದ ಲೆಕ್ಕ. ಆ ಸಾಲುಗಳಿಗೆ ಟಿಪ್ಪಣಿಯೇ ಬೇಕಿಲ್ಲ, ಕಟ್ಟುವ ಮಾತೂ ಇಲ್ಲ.