ಬಟರ್‌ವರ್ಟ್ ಗಿಡ ತರಿಸುವ ಮುಂಚೆ ಇದನ್ನು ಓದಿ

ಮೈಸೂರು, ಮಂಡ್ಯ ಕಡೆ ಯಾರಾದರೂ ಆನ್‌ಲೈನ್‌ನಲ್ಲಿ ಬಟರ್‌ವರ್ಟ್ (ಅಂಟೆಲೆಯಲ್ಲಿ ಹುಳ ಹಿಡಿದು ತಿನ್ನುವ ಗಿಡ) ತರಿಸುವ ಯೋಚನೆಯಲ್ಲಿದ್ದರೆ ದಯವಿಟ್ಟು ಸ್ವಲ್ಪ ತಡೆಯಿರಿ. ಗಿಡದಲ್ಲಿ ದೋಷವಿಲ್ಲ. ಮಾರುವವರು ಹೇಳಿಕೊಡುವ ಆರೈಕೆಯೇ ಅದನ್ನು ಸಾಯಿಸುತ್ತದೆ.

ಮನೆಯೊಳಗೆ ಬೆಳೆಸುವ ಬಟರ್‌ವರ್ಟ್‌ಗಳು ಹೆಚ್ಚಾಗಿ ಮೆಕ್ಸಿಕೊ ಕಡೆಯವು. ಎಲೆ ತುಂಬ ಸಣ್ಣ ಸಣ್ಣ ಅಂಟಿನ ಹನಿ, ಗ್ಲಿಸರಿನ್ ಸವರಿದ ಹಾಗೆ ಹೊಳೆಯುತ್ತದೆ. ಕುಂಡದಿಂದ ಏಳುವ ನುಸಿ ಬಂದು ಕೂತರೆ ಮುಗೀತು, ಅದೇ ಗಿಡಕ್ಕೆ ಊಟ. ನಡುವಿನಿಂದ ತೆಳು ದಂಟು ಎದ್ದು ನೇರಳೆ ಹೂ ಬಿಡುತ್ತದೆ. ಆ ಹೂವಿನ ಆಸೆಗೇ ನಾನು ತರಿಸಿದ್ದು.

ಕುವೆಂಪುನಗರದ ನಮ್ಮ ಮನೆಗೆ ಬಂದ ಗಿಡ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರದಲ್ಲಿ ಕೂತಿತ್ತು. ಜೊತೆಗಿದ್ದ ಚೀಟಿಯಲ್ಲಿ "ಬೋರ್ ನೀರಾದರೂ ಸಾಕು, ಆಗಾಗ ಎನ್‌ಪಿಕೆ ಗೊಬ್ಬರ ಹಾಕಿ" ಅಂತ ಬರೆದಿತ್ತು. ಇದರ ಬೇರು ತೀರಾ ಕಡಿಮೆ. ಗೊಬ್ಬರ, ಬೋರ್ ನೀರಿನ ಉಪ್ಪು ಎರಡನ್ನೂ ತಡೆದುಕೊಳ್ಳುವುದಿಲ್ಲ. ಎಲೆಯ ಅಂಚು ಕಂದಾಗತೊಡಗಿತು.

ನಿಜವಾದ ಅನಾಹುತ ಆಗಿದ್ದು ಚಳಿಗಾಲದಲ್ಲಿ. ದೊಡ್ಡ ಎಲೆಗಳು ಒಣಗಿ, ನಡುವೆ ಪುಟ್ಟ, ದಪ್ಪ, ಅಂಟೇ ಇಲ್ಲದ ಎಲೆಗಳು ಒತ್ತಾಗಿ ಬಂದವು. ಮಾರಿದವರಿಗೆ ಫೋಟೊ ಕಳಿಸಿದೆ. "ನೀರು ಸಾಲದು ಮೇಡಂ, ತಟ್ಟೆಯಲ್ಲಿ ನೀರು ನಿಲ್ಲಿಸಿ" ಅಂದರು. ಆದರೆ ಇವುಗಳಲ್ಲಿ ಹಲವು ಜಾತಿಗಳು ಚಳಿಗಾಲ ಕಳೆಯುವುದೇ ಹಾಗೆ! ಆಗ ನೀರು ತುಂಬಾ ಕಡಿಮೆ ಮಾಡಬೇಕು. ನಿಂತ ನೀರಿಗೆ ಗಿಡದ ನಡು ಕಪ್ಪಾಗಿ ಕೊಳೆಯಿತು. ದುಡ್ಡು ವಾಪಸ್ ಕೇಳಿದರೆ ನಂಬರ್ ಬ್ಲಾಕ್ ಮಾಡಿದರು. ಹೀಗೆ ಮಾಡಬಹುದಾ, ನೀವೇ ಹೇಳಿ.

ಗಿಡಕ್ಕೆ ಮಳೆನೀರು ಒಳ್ಳೆಯದು. ಇಲ್ಲದಿದ್ದರೆ ಟಿಡಿಎಸ್ (ನೀರಲ್ಲಿ ಕರಗಿದ ಲವಣದ ಅಳತೆ) 50ಕ್ಕಿಂತ ಕಡಿಮೆ ಇರುವ ಆರ್‌ಓ ನೀರು. ಕೆಲವು ಆರ್‌ಓ ಯಂತ್ರಗಳು ಖನಿಜ ಸೇರಿಸಿ ಬಿಡುತ್ತವೆ, ಅಳೆದೇ ಹಾಕಿ. ಕುಂಡದ ಮಿಶ್ರಣಕ್ಕೆ ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು), ತೊಳೆದ ದಪ್ಪ ಮರಳು, ಸ್ವಲ್ಪ ಪೀಟ್ (ಜೌಗಿನ ಪಾಚಿಯಿಂದಾದ ಪುಡಿ) ಸಾಕು. ಕೊಳೆಯದ ಎಲೆ ಸಿಕ್ಕರೆ ಬುಡದ ಬಿಳಿ ಭಾಗ ಸಮೇತ ಕಿತ್ತು, ಒದ್ದೆ ಪರ್ಲೈಟ್ ಮೇಲೆ ಮಲಗಿಸಿ. ಅದರಿಂದ ಮರಿ ಬರುತ್ತದೆ. ಎಲ್ಲ ಗಿಡಗಳಲ್ಲೂ ಇಷ್ಟು ಸುಲಭವಲ್ಲ, ಇದರಲ್ಲಿ ಆಗುತ್ತದೆ.

ಬೀಜದ ಪಾಕೀಟು ಅಂತೂ ಬೇಡವೇ ಬೇಡ. ಇದರ ಬೀಜ ಧೂಳಿನಷ್ಟು ಸಣ್ಣದು, ಕಾಳಿನ ಗಾತ್ರದ್ದು ಬಂದರೆ ಬೇರೆ ಏನೋ ಇರುತ್ತದೆ. ಗಿಡ ಕೊಳ್ಳುವಾಗ ಯಾವ ಮಿಶ್ರಣ, ಚಳಿಗಾಲದಲ್ಲಿ ನೀರು ಹೇಗೆ ಅಂತ ಮೊದಲೇ ಕೇಳಿ. "ವರ್ಷಪೂರ್ತಿ ನೀರಲ್ಲೇ ಇಡಿ" ಅಂದರೆ ಅಲ್ಲಿ ಕೊಳ್ಳಬೇಡಿ.